ಆಯುಧಪೂಜೆಯಾದ ವ್ಯಾನಿನ ದಾವೆ

"ವ್ಯಾನು ತಗೊಂಡೊ ಮೇಡಂ. ಈಗ ನೋಡುದ್ರೆ ಅದು ವ್ಯಾನೇ ಅಲ್ವಂತೆ."

"ವ್ಯಾನಲ್ಲದೆ ಇನ್ನೇನಂತೆ?"

"ಎರಡು ವ್ಯಾನಂತೆ."

ಮಾತಾಡಿದ್ದು ಹೆಂಡತಿ. ಗಂಡ ನನ್ನ ಮೇಜಿನ ಮುಂದಿನ ಕುರ್ಚಿಯ ತುದಿಯಲ್ಲಿ ಕೂತು ಕೈಯಲ್ಲಿದ್ದ ಬೀಗದ ಕೈಯನ್ನೇ ನೋಡುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಹಿರಿಯ ವಕೀಲರೊಬ್ಬರ ಕೈಕೆಳಗಿನಿಂದ ಹೊರಬಂದು, ಮೈಸೂರಿನ ಲಕ್ಷ್ಮೀಪುರಂನ ಹಳೆಯ ಮನೆಯೊಂದರ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಸ್ವಂತ ಬೋರ್ಡು ತೂಗುಹಾಕಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಎರಡು ವ್ಯಾನು ಎಂದದ್ದು ಕೇಳಿ ನನಗೆ ನಗು ಬಂತು. ಗಂಡನ ಮುಖ ನೋಡಿ ನಗು ನುಂಗಿಕೊಂಡೆ.

ಆತ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದವರು. ಆಳು ಕಡಿಮೆ ಮಾಡುವಾಗ ಸ್ವಯಂ ನಿವೃತ್ತಿ ಎಂದು ಹೇಳಿ ಕೈಗೆ ಕೊಟ್ಟ ಇಡುಗಂಟಿನಲ್ಲಿ, ಶಾಲೆಗೆ ಮಕ್ಕಳನ್ನು ಬಿಡುವ ಕೆಲಸ ಮಾಡೋಣವೆಂದು ಹಳೆಯ ವ್ಯಾನೊಂದನ್ನು ಕೊಂಡಿದ್ದರು. ಪತ್ರಿಕೆಯ ಸಣ್ಣ ಜಾಹೀರಾತು ನೋಡಿ ಹೋದದ್ದು. ಮಾರಿದವರು ನನ್ನ ಆಫೀಸಿನಿಂದ ಎರಡು ರಸ್ತೆಯಾಚೆಯೇ ಇದ್ದ ನಿವೃತ್ತ ಸರ್ಕಾರಿ ಅಧಿಕಾರಿ. ಕಾಫಿ ಕೊಟ್ಟು, "ಒಂದೇ ಕೈಯಲ್ಲಿ ಓಡಿದ ಗಾಡಿ, ಇದುವರೆಗೂ ಒಂದು ಗೀಚು ಬಿದ್ದಿಲ್ಲ" ಎಂದಿದ್ದರಂತೆ. ಇವರು ಸುತ್ತ ಒಂದು ಸಲ ನೋಡಿ, ರಿಂಗ್ ರೋಡಿನಲ್ಲಿ ಒಂದು ಸುತ್ತು ಓಡಿಸಿ, ಹಣ ಕೊಟ್ಟು ಬಂದುಬಿಟ್ಟಿದ್ದರು.

ಮೂರು ವಾರ ಮಕ್ಕಳನ್ನು ಕೂರಿಸಿಕೊಂಡು ಓಡಿಸಿದ್ದಾಯಿತು. ಖಾಸಗಿ ನೋಂದಣಿಯ ಗಾಡಿಯಲ್ಲಿ ಶಾಲೆ ಮಕ್ಕಳನ್ನು ಸಾಗಿಸುವುದು ಆಗ ಊರಿಗೆಲ್ಲ ಮಾಮೂಲು, ಕೇಳುವವರು ಇರಲಿಲ್ಲ. ಬ್ರೇಕು ಹಾಕಿದಾಗಲೆಲ್ಲ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಹಿಂದಿನ ಟೈರುಗಳು ಒಳಮಗ್ಗುಲಲ್ಲಿ ಮಾತ್ರ ಸವೆಯತೊಡಗಿದವು. ಮೆಕ್ಯಾನಿಕ್ಕನ ಹತ್ತಿರ ತೆಗೆದುಕೊಂಡು ಹೋದರು. ಅವನು ಸೀಟು ಬಿಚ್ಚಿ, ನೆಲಕ್ಕೆ ಹಾಸಿದ ಮ್ಯಾಟು ಎತ್ತಿದಾಗ, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿನವರೆಗೆ ಅಡ್ಡಡ್ಡ ವೆಲ್ಡಿಂಗಿನ ಗೆರೆ. ಮೇಲೆ ಪುಟ್ಟಿ ಮೆತ್ತಿ ಕಪ್ಪು ಬಣ್ಣ ಬಳಿದಿದ್ದರು. ಎಲ್ಲೋ ಅಪಘಾತದಲ್ಲಿ ಹಿಂಭಾಗ ನಜ್ಜುಗುಜ್ಜಾದ ವ್ಯಾನಿಗೆ ಮುಂಭಾಗ ಹೋದ ಇನ್ನೊಂದು ವ್ಯಾನಿನ ಹಿಂಭಾಗ ತಂದು ಜೋಡಿಸಿದ್ದರು. ಹೆಂಡತಿ ಹೇಳಿದ "ಎರಡು ವ್ಯಾನು" ಅಕ್ಷರಶಃ ನಿಜವಾಗಿತ್ತು.

"ಕನ್ಸೂಮರ್ ಕೋರ್ಟಲ್ಲಿ ಆಕುದ್ರೆ ಮೂರೇ ತಿಂಗ್ಳಲ್ಲಿ ಬತ್ತದಂತಲ್ಲ ಮೇಡಂ" ಎಂದರು ಹೆಂಡತಿ.

ಗ್ರಾಹಕರ ವೇದಿಕೆ ಆಗ ನಮ್ಮೂರಿನ ಜನಕ್ಕೆ ಬೇಡಿದ್ದು ಕೊಡುವ ಹೊಸ ದೇವರು. ಫ್ಯಾನು ತಿರುಗದಿದ್ದರೂ, ಛತ್ರದವರು ನೀರು ಬಿಡದಿದ್ದರೂ ಅಲ್ಲಿಗೇ ಹರಕೆ. ಆದರೆ ಅಲ್ಲಿ ದೂರು ಕೊಡಬೇಕಾದರೆ ಮಾರಿದವನು ವ್ಯಾಪಾರಿಯಾಗಿರಬೇಕು. ಮನೆಯ ಗಾಡಿಯನ್ನು ಒಂದು ಸಲ ಮಾರಿದ ನಿವೃತ್ತರು ವ್ಯಾಪಾರಿಯಲ್ಲ. ಆ ಬಾಗಿಲು ಮುಚ್ಚಿದೆ ಎಂದೆ. ಹೆಂಡತಿ ನನ್ನನ್ನು ಅಪನಂಬಿಕೆಯಿಂದ ನೋಡಿದರು. ಬೇರೆ ಲಾಯರನ್ನು ನೋಡೋಣವಾ ಎಂಬಂತೆ ಗಂಡನ ಕಡೆ ತಿರುಗಿದರು.

ಉಳಿದ ದಾರಿಗಳನ್ನು ವಿವರಿಸಿದೆ. ಪೊಲೀಸರಿಗೆ ವಂಚನೆಯ ದೂರು ಕೊಡಬಹುದು. ಅವರು ಇಬ್ಬರನ್ನೂ ಠಾಣೆಗೆ ಕರೆಸಿ, "ಇದು ಸಿವಿಲ್ ವ್ಯವಹಾರ, ಕೋರ್ಟಿಗೆ ಹೋಗಿ" ಎಂದು ಕಳಿಸುವ ಸಂಭವವೇ ಹೆಚ್ಚು. ಕಳಿಸದಿದ್ದರೂ, ಮಾರುವ ಹೊತ್ತಿಗೆ ಆತನಿಗೆ ಗೊತ್ತಿತ್ತು ಎಂಬುದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. ಇನ್ನೊಂದು ಸಿವಿಲ್ ದಾವೆ. ಹಳೆಯ ವಸ್ತುವನ್ನು ಖಾಸಗಿಯಾಗಿ ಕೊಳ್ಳುವವನು ತಾನೇ ಕಣ್ಣು ಬಿಟ್ಟು ನೋಡಿಕೊಳ್ಳಬೇಕು ಎನ್ನುವುದೇ ಕಾಯಿದೆಯ ಮಾಮೂಲು ಧೋರಣೆ. ಆದರೆ ಮಾರುವವನು ಸುಳ್ಳು ಹೇಳಿ ನಂಬಿಸಿದ್ದರೆ, ಕೊಂಡವನು ಕರಾರನ್ನೇ ರದ್ದು ಮಾಡಿ, ವಸ್ತು ವಾಪಸ್ಸು ಕೊಟ್ಟು ಹಣ ಕೇಳಬಹುದು. "ಒಂದು ಗೀಚು ಬಿದ್ದಿಲ್ಲ" ಎಂಬ ಆ ಒಂದು ಮಾತೇ ನಮ್ಮ ಆಧಾರ.

"ಇನ್ನೊಂದು ದಾರಿ ಅದೆ ಅಂತಾರೆ ಎಲ್ರೂ" ಎಂದರು ಗಂಡ, ಮೊದಲ ಬಾರಿಗೆ ಬಾಯಿ ಬಿಟ್ಟು. "ಬಣ್ಣ ಒಡ್ಸಿ ಇನ್ಯಾರಿಗಾದ್ರೂ ದಾಟುಸ್ಬುಡು ಅಂತ. ನಮ್ ಬಾಮೈದ ಗಿರಾಕಿನೂ ನೋಡವ್ನೆ."

"ನೀವೇನಂದಿರಿ?"

"ಆ ಗಿರಾಕಿಗೂ ಸ್ಕೂಲ್ ಮಕ್ಳನ್ನ ಕೂರ್ಸಕೇ ಬೇಕಂತೆ" ಎಂದರು.

ಕೇಸು ತೆಗೆದುಕೊಳ್ಳಬೇಕೆಂದು ನನಗೆ ಅನ್ನಿಸಿದ್ದು ಆಗ. ಎದ್ದು ಹೋಗುವ ಮೊದಲು ಕಟ್ಟುನಿಟ್ಟಾಗಿ ಹೇಳಿ ಕಳಿಸಿದೆ: ಇವತ್ತಿನಿಂದ ಆ ಗಾಡಿ ನಿಮ್ಮದಲ್ಲ. ಮಾರಿದವರ ವಸ್ತುವನ್ನು ಅವರು ಬಂದು ಒಯ್ಯುವವರೆಗೆ ಕಾಯುತ್ತಿದ್ದೀರಿ, ಅಷ್ಟೇ. ಓಡಿಸಬೇಡಿ. ರಿಪೇರಿ ಮಾಡಿಸಬೇಡಿ. ಯಾರಿಗೂ ಬಾಡಿಗೆಗೆ ಕೊಡಬೇಡಿ. ಒಂದು ಬೋಲ್ಟು ಕೂಡ ಬಿಚ್ಚಬೇಡಿ. ಕರಾರು ರದ್ದು ಎಂದು ನೋಟಿಸು ಕೊಟ್ಟ ಮೇಲೆ ವಸ್ತುವನ್ನು ನಮ್ಮದೆಂಬಂತೆ ಬಳಸಿದರೆ, ರದ್ದು ಮಾಡುವ ಹಕ್ಕು ಅಲ್ಲಿಗೇ ಮುಗಿಯುತ್ತದೆ. ಎರಡು ದೋಣಿಯ ಮೇಲೆ ಕಾಲಿಡುವಂತಿಲ್ಲ. ಇಬ್ಬರೂ ತಲೆಯಾಡಿಸಿದರು. ನಾನು ಹೇಳಿದ ಒಂದೊಂದು ಮಾತನ್ನೂ ಅವರು ಪಾಲಿಸಿದರು.

ನೋಟಿಸು ಹೋಯಿತು. ಉತ್ತರ ಬಂತು. ನನ್ನ ಕಕ್ಷಿದಾರರು ಗಾಡಿ ಪಡೆಯುವಾಗ "ಇದ್ದ ಸ್ಥಿತಿಯಲ್ಲೇ ಒಪ್ಪಿ ಪಡೆದಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿದ ಚೀಟಿಗೆ ಸಹಿ ಹಾಕಿದ್ದಾರೆ, ಇನ್ನು ಮಾತಿಲ್ಲ ಎಂದು ಅತ್ತಕಡೆಯವರ ವಾದ. ಗಾಡಿ ಮಾರುವವರೆಲ್ಲ ಆ ಚೀಟಿ ಬರೆಸಿಕೊಳ್ಳುತ್ತಾರೆ. ಅದು ಸವೆದ ಟೈರಿಗೆ, ಹರಿದ ಸೀಟಿಗೆ ಆಗುತ್ತದೆ, ಸುಳ್ಳಿಗೆ ಆಗುವುದಿಲ್ಲ. ದಾವೆ ಹೂಡಿದೆವು. ಕೂಡಲೇ ಕಮಿಷನರ ನೇಮಕಕ್ಕೆ ಅರ್ಜಿ ಹಾಕಿದೆ. ಎಂದರೆ ಕೋರ್ಟಿನ ಪರವಾಗಿ ಒಬ್ಬರು ಹೋಗಿ ವಸ್ತುವನ್ನು ಕಣ್ಣಾರೆ ನೋಡಿ ವರದಿ ಕೊಡಬೇಕು. ಅದಕ್ಕೆ ಅತ್ತಕಡೆಯವರು ತಕರಾರು ಎತ್ತಿದರು, ಒಂದೆರಡು ವಾಯಿದೆ ಹಾಗೇ ಹೋದವು. ಕೊನೆಗೆ ಯುವ ವಕೀಲರೊಬ್ಬರು ಕಮಿಷನರಾಗಿ, ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ಅಧ್ಯಾಪಕರನ್ನು ಜೊತೆಗೆ ಕರೆದುಕೊಂಡು ಹೋಗಿ, ಎರಡೂ ಕಡೆಯವರ ಎದುರಿನಲ್ಲಿ ಮ್ಯಾಟು ಎತ್ತಿಸಿ ನೋಡಿದರು. ಎರಡು ಬೇರೆ ಬೇರೆ ವಾಹನಗಳ ಭಾಗಗಳು, ರಸ್ತೆಗೆ ಯೋಗ್ಯವಲ್ಲ ಎಂದು ವರದಿ ಬಂತು.

ಕೇಸು ಮುಗಿದಂತೆಯೇ ಎಂದುಕೊಂಡೆ. ಅತ್ತಕಡೆಯ ವಕೀಲರು ನಮ್ಮ ಬಾರಿನಲ್ಲಿ ಹಳಬರು. ದನಿ ಎತ್ತಿದವರಲ್ಲ, ಸಾಕ್ಷಿಗಳನ್ನು ಅಪ್ಪಾ, ತಾಯೀ ಎಂದೇ ಮಾತಾಡಿಸುವವರು. ಅಂಥವರು ವರದಿಗೆ ಆಕ್ಷೇಪಣೆಯನ್ನೂ ಹಾಕದೆ ಸುಮ್ಮನಿದ್ದುದು ಕಂಡು ನನಗೆ ಹೆದರಿಕೆಯಾಗಬೇಕಿತ್ತು. ನನಗೆ ಖುಷಿಯಾಗಿತ್ತು.

ಅಷ್ಟರಲ್ಲಿ ಒಂದು ದಸರಾ ಕಳೆದಿತ್ತು. ನನ್ನ ಕಕ್ಷಿದಾರರು ಬೇರೆ ಯಾರದೋ ವ್ಯಾನಿಗೆ ದಿನಗೂಲಿ ಡ್ರೈವರಾಗಿ ಹೋಗುತ್ತಿದ್ದರು. ಹೆಂಡತಿ ರವಿಕೆ ಹೊಲಿಯುವುದನ್ನು ಹೆಚ್ಚಿಸಿಕೊಂಡಿದ್ದರು. ಕೊಂಡ ಗಾಡಿ ಮನೆ ಮುಂದೆ ಟಾರ್ಪಾಲು ಹೊದ್ದು ನಿಂತಿತ್ತು. ಬರುವ ಹೋಗುವ ನೆಂಟರೆಲ್ಲ ಅದನ್ನು ನೋಡಿ ಬುದ್ಧಿ ಹೇಳುತ್ತಿದ್ದರಂತೆ.

ಸಾಕ್ಷಿ ವಿಚಾರಣೆಯ ದಿನ ನನ್ನ ಪ್ರಶ್ನೆಗಳಿಗೆ ಆತ ಚೆನ್ನಾಗಿಯೇ ಉತ್ತರಿಸಿದರು. ಪಾಟೀಸವಾಲಿಗೆ ಅತ್ತಕಡೆಯ ಹಿರಿಯ ವಕೀಲರು ನಿಧಾನವಾಗಿ ಎದ್ದರು.

"ಗಾಡಿ ಈಗ ಎಲ್ಲಿದೆಯಪ್ಪಾ?"

"ಮನೆ ಮುಂದೆ ಅದೆ ಸ್ವಾಮಿ. ಟಾರ್ಪಾಲು ಆಕಿವ್ನಿ."

"ಓಡಿಸ್ತಾ ಇಲ್ಲ?"

"ಇಲ್ಲ. ಮೇಡಂ ಬ್ಯಾಡ ಅಂದವ್ರೆ."

ನ್ಯಾಯಾಧೀಶರು ಸಣ್ಣಗೆ ನಕ್ಕರು. ನಾನೂ ನಕ್ಕೆ.

"ಒಳ್ಳೇದು. ಹೋದ ದಸರಾದಲ್ಲಿ ಆಯುಧಪೂಜೆ ಮಾಡಿದ್ರಾ?"

"ಮಾಡ್ದೆ ಇರಕಾಯ್ತದಾ ಸ್ವಾಮಿ?"

"ಯಾವ್ಯಾವುದಕ್ಕೆ ಮಾಡಿದ್ರಿ?"

"ಕುಡ್ಲು, ಮಚ್ಚು, ಸೈಕಲ್ಲು, ನಮ್ಮನೆಯವಳ ಒಲಿಗೆ ಮಿಷನ್ನು..." ಆತ ಒಂದು ಕ್ಷಣ ನನ್ನ ಕಡೆ ನೋಡಿದರು. "ವ್ಯಾನು."

"ಟಾರ್ಪಾಲು ತೆಗೆದು?"

"ತೆಗ್ದು, ತೊಳ್ದು."

"ಹಾರ ಹಾಕಿದ್ರಾ? ಚಕ್ರದ ಕೆಳಗೆ ನಿಂಬೆಹಣ್ಣು?"

"ಆಕ್ದೊ. ಇಟ್ಟೊ."

"ಇಟ್ಟು ಹಾಗೇ ಬಿಟ್ಟಿರಾ?"

"ಅದೆಂಗೆ ಬುಡಕಾಯ್ತದೆ ಸ್ವಾಮಿ? ಸ್ಟಾರ್ಟ್ ಮಾಡಿ ಒಂದ್ಸಲ ಅದ್ರ ಮೇಲೆ ಅತ್ತುಸ್ದೆ."

"ಪುರೋಹಿತರನ್ನ ಕರೆಸಿದ್ರಾ? ಸಂಕಲ್ಪ ಯಾರ ಹೆಸರಲ್ಲಿ ಮಾಡಿಸಿದ್ರು?"

"ನನ್ನೆಸ್ರಲ್ಲೇ."

"ಮಾರಿದವರ ಹೆಸರಲ್ಲಿ ಅಲ್ಲ?"

"ಅವ್ರೆಸ್ರಲ್ಲಿ ನಾನ್ಯಾಕ್ ಮಾಡುಸ್ಲಿ?"

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಹಿರಿಯ ವಕೀಲರು ನಗಲಿಲ್ಲ. ಕೈಮುಗಿದು ಕೂತುಬಿಟ್ಟರು. ಅವರ ಹತ್ತಿರ ಫೋಟೊ ಇರಲಿಲ್ಲ, ಸಾಕ್ಷಿ ಇರಲಿಲ್ಲ. ಮೈಸೂರಿನಲ್ಲಿ ಮನೆ ಮುಂದೆ ನಿಂತ ಗಾಡಿಗೆ ಆ ದಿನ ಪೂಜೆಯಾಗದೆ ಇರುವುದಿಲ್ಲ, ಪೂಜೆ ಮಾಡಿದವನು ಇಲ್ಲವೆನ್ನುವುದೂ ಇಲ್ಲ ಎಂಬ ನಂಬಿಕೆಯೊಂದೇ ಅವರ ಬಂಡವಾಳ. ಕೊಂಡವನು ಮಾರಿದವನ ಒಡೆತನಕ್ಕೆ ಒಗ್ಗದ ಯಾವುದೇ ಕೆಲಸವನ್ನು ಆ ವಸ್ತುವಿನ ಮೇಲೆ ಮಾಡಿದರೆ ಅದನ್ನು ಒಪ್ಪಿಕೊಂಡ ಹಾಗೆ ಎಂದು ಸರಕು ಮಾರಾಟದ ಕಾಯಿದೆ ಹೇಳುತ್ತದೆ. ರದ್ದತಿಯ ನೋಟಿಸು ಕೊಟ್ಟ ಮೇಲೆ ಗಾಡಿ ತೊಳೆದು, ಹಾರ ಹಾಕಿ, ಸ್ವಂತ ಹೆಸರಿನಲ್ಲಿ ಸಂಕಲ್ಪ ಮಾಡಿಸಿ, ಸ್ಟಾರ್ಟ್ ಮಾಡಿ ಹತ್ತಿಸಿದ್ದು ಅಂಥ ಕೆಲಸವೇ ಅಲ್ಲವೇ? ಓಡಿಸಬೇಡಿ, ಬಿಚ್ಚಬೇಡಿ ಎಂದು ಉದ್ದಕ್ಕೆ ಹೇಳಿದ್ದ ನನಗೆ ಇದೊಂದು ಹೊಳೆದಿರಲಿಲ್ಲ. ನಾನೂ ಅದೇ ದಿನ ನನ್ನ ಟೈಪ್‌ರೈಟರಿಗೂ ಸ್ಕೂಟರಿಗೂ ಕುಂಕುಮ ಹಚ್ಚಿದ್ದೆ.

ಹೊರಗೆ ಬಂದಾಗ ಹೆಂಡತಿ ನನ್ನನ್ನು ತಡೆದು ನಿಲ್ಲಿಸಿದರು.

"ಪೂಜೆ ಮಾಡ್ಸಿದ್ದು ನಾನು ಮೇಡಂ. ತಪ್ಪಾಯ್ತಾ?"

"ಯಾಕೆ ಮಾಡಿಸಿದಿರಿ? ಆ ಗಾಡಿ ನಿಮ್ಮದಲ್ಲ ಅಂತ ಎಷ್ಟು ಸಲ ಹೇಳಿದ್ದೆ!" ನನ್ನ ದನಿ ಜೋರಾಗಿಯೇ ಇತ್ತು.

"ನಮ್ದಲ್ದೆ ಇದ್ರೂ ನಮ್ ಬಾಗ್ಲಲ್ಲಿ ನಿಂತದಲ್ಲ ಕಣಮ್ಮ. ಎಲ್ಲಾ ಗಾಡಿಗೂ ಹಾರ ಬಿದ್ದಿರವಾಗ ಅದೊಂದುನ್ನ ಬಿಟ್ಬುಟ್ರೆ ಎಂಗೆ? ಯಾರ್ಗೂ ಏನೂ ಮಾಡ್ಬ್ಯಾಡ ತಾಯಿ ಅಂತ ಕೇಳ್ಕೊಂಡೊ."

ನನ್ನ ಸಿಟ್ಟು ನಿಲ್ಲಲಿಲ್ಲ.

ಮುಂದಿನ ದಿನಗಳು ಕಷ್ಟದವು. ಬಾರ್ ಅಸೋಸಿಯೇಷನ್ನಿನ ಕ್ಯಾಂಟೀನಿನಲ್ಲಿ ನನ್ನ ಕೇಸೇ ತಮಾಷೆ. "ಏನ್ರೀ ಮೇಡಂ, ನಿಮ್ಮ ದಾವೆನ ನಿಂಬೆಹಣ್ಣಿನ ಮೇಲೆ ಹತ್ತಿಸಿಬಿಟ್ರಂತೆ" ಎಂದರು ಒಬ್ಬರು. ಇನ್ನೊಬ್ಬರು, ಸ್ನೇಹಿತರೇ, ಚಹಾ ಮುಂದಿಟ್ಟು ಮೆಲ್ಲಗೆ ಹೇಳಿದರು: ಮತ್ತೆ ಸಾಕ್ಷಿ ಕರೆಸಿ, ಪೂಜೆ ಹೆಂಡತಿ ತನ್ನ ಪಾಡಿಗೆ ಮಾಡಿಸಿದ್ದು, ನಾನು ಆ ದಿನ ಊರಲ್ಲೇ ಇರಲಿಲ್ಲ ಅನ್ನಿಸಿ. ಅದು ಆಗುವ ಮಾತಲ್ಲವೆಂದು ನನಗೆ ಗೊತ್ತಿತ್ತು. ಆ ಮನುಷ್ಯ ಪೂಜೆ ಮಾಡಿಲ್ಲವೆಂದು ಯಾವ ಕಟಕಟೆಯಲ್ಲೂ ಹೇಳುವವರಲ್ಲ.

ಅತ್ತಕಡೆಯಿಂದ ಒಂದು ರಾಜಿಯ ಮಾತೂ ಬಂತು. ಅರ್ಧ ಹಣ ಕೊಡುತ್ತಾರೆ, ಗಾಡಿಯನ್ನು ನೀವೇ ಇಟ್ಟುಕೊಳ್ಳಿ. ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಅವರು ಕೇಳಲಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಭಾವಮೈದ ಖುಷಿಯಿಂದ ನನ್ನ ಆಫೀಸಿಗೇ ಬಂದ. "ಕೋರ್ಟಲ್ಲಿ ಗೆದ್ದವ್ನು ಸೋತ, ಸೋತವ್ನು ಸತ್ತ ಅಂತಾರಲ್ಲ ಮೇಡಂ. ಇಷ್ಟಕ್ಕೇ ಮುಗ್ಸುಬುಡಿ" ಎಂದ. ನನ್ನ ಕಕ್ಷಿದಾರರು ಅವನು ಹೋಗುವವರೆಗೂ ಕಾದು, "ಬ್ಯಾಡ ಮೇಡಂ" ಎಂದಷ್ಟೇ ಹೇಳಿದರು. ಮನೆಯಲ್ಲಿ ಆ ಎರಡು ಪದಕ್ಕೆ ಎಷ್ಟು ಜಗಳವಾಗಿತ್ತೋ ನಾನು ಕೇಳಲಿಲ್ಲ.

ಮೊದಲು ನಾನು ಯಾರ ಕೈಕೆಳಗಿದ್ದೆನೋ ಆ ನನ್ನ ಹಿರಿಯರ ಹತ್ತಿರ ಹೋದೆ. ಪೂಜೆಯ ವಿಷಯವನ್ನು ಮತ್ತೆ ಎತ್ತಬೇಡ, ಸುಳ್ಳು ಹೇಳಿ ಮಾರಿದ್ದರ ಮೇಲೆ ಮಾತ್ರ ವಾದ ಮಾಡು, ಬೂದಿ ಕೆದಕಿದರೆ ಕೆಂಡ ಮೇಲೆ ಬರುತ್ತದೆ ಎಂದರು. ವಿವೇಕದ ಮಾತು. ಆದರೆ ನನಗೆ ಒಂದು ಹಟ ಹಿಡಿದಿತ್ತು. ಆಯುಧಪೂಜೆ ಮಾಡಿದರೆ ವಸ್ತು ನಮ್ಮದಾಗುತ್ತದೆ ಎನ್ನುವುದಾದರೆ, ನಮ್ಮ ಕೋರ್ಟಿನ ಗುಮಾಸ್ತರು ಸರ್ಕಾರದ ಬೀರುಗಳಿಗೆ ಹಾರ ಹಾಕುತ್ತಾರಲ್ಲ, ಅವು ಯಾರವು? ಠಾಣೆಯ ಅಂಗಳದಲ್ಲಿ ಜಫ್ತಿ ಮಾಡಿ ನಿಲ್ಲಿಸಿದ ಲಾರಿಗಳಿಗೂ ಪೊಲೀಸರು ಕುಂಕುಮ ಹಚ್ಚುವುದನ್ನು ನಾನೇ ನೋಡಿದ್ದೆ. ಡ್ರೈವರು ಸಾಹುಕಾರನ ಕಾರಿಗೆ ಮಾಡುತ್ತಾನೆ, ಬಾಡಿಗೆ ಸೈಕಲ್ಲಿಗೂ ಹೂವು ಸಿಗುತ್ತದೆ. ಪೂಜೆ ನಡೆಯುವುದು ಕೈಯಲ್ಲಿರುವುದಕ್ಕೆ, ಒಡೆತನಕ್ಕಲ್ಲ. ಇದನ್ನು ನಾನು ವಾದದಲ್ಲಿ ಹೇಳಿದರೆ ವಕೀಲೆಯ ಮಾತು, ಪ್ರತಿವಾದಿಯ ಬಾಯಿಂದಲೇ ಬಂದರೆ ಸಾಕ್ಷಿ. ಹಿರಿಯರ ಮಾತು ಮೀರಿ, ಪೂಜೆಯ ಬಗ್ಗೆ ನಾನೇ ಕೇಳುವುದೆಂದು ನಿಶ್ಚಯಿಸಿದೆ.

ನಿವೃತ್ತ ಅಧಿಕಾರಿಗಳು ಕಟಕಟೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ನೆಟ್ಟಗೆ ನಿಲುವು. ಇಲಾಖೆಯಲ್ಲಿ ಒಳ್ಳೆಯ ಹೆಸರಿತ್ತೆಂದು ಕೇಳಿದ್ದೆ, ನೋಡಿದರೂ ಹಾಗೇ ಅನ್ನಿಸುತ್ತಿತ್ತು. ಗೀಚು ಬಿದ್ದಿಲ್ಲ ಎಂದು ನಾನು ಹೇಳಿಯೇ ಇಲ್ಲ, ಅವರೇ ನೋಡಿಕೊಂಡು ಕೊಂಡರು ಎಂದು ಮುಖ್ಯ ವಿಚಾರಣೆಯಲ್ಲಿ ಹೇಳಿದರು. ನನ್ನ ಸರದಿ ಬಂತು.

"ನಿಮಗೆ ಇಲಾಖೆಯಿಂದ ಜೀಪು ಇತ್ತಲ್ಲವೇ?"

"ಇತ್ತು."

"ಅದಕ್ಕೆ ಆಯುಧಪೂಜೆ ಆಗುತ್ತಿತ್ತೇ?"

"ಆಗದೆ ಏನಮ್ಮ? ಇಡೀ ಆಫೀಸಿಗೇ ಆಗುತ್ತಿತ್ತು."

"ಸಂಕಲ್ಪ ಯಾರ ಹೆಸರಲ್ಲಿ?"

"ಮುಖ್ಯಸ್ಥ ನಾನೇ. ನನ್ನ ಹೆಸರಲ್ಲೇ."

"ಹಾಗಾದರೆ ಆ ಜೀಪು ನಿಮ್ಮದಾಯಿತೇ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿಗಳ ಮುಖ ಕೆಂಪಾಯಿತು. "ಅದು ಸರ್ಕಾರದ್ದು. ಪೂಜೆಗೂ ಒಡೆತನಕ್ಕೂ ಏನು ಸಂಬಂಧ?" ಎಂದರು ಸಿಟ್ಟಿನಿಂದ. ಆ ಮಾತನ್ನು ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳಿ ಬರೆಸಿದರು. ನನಗೆ ಬೇಕಿದ್ದದ್ದು ಅಷ್ಟೇ. ಕೂತುಬಿಡಬೇಕಿತ್ತು. ಆದರೆ ಅವರು ನಿಲ್ಲಿಸಲಿಲ್ಲ. ಪೂಜೆಯ ವಿಷಯದಲ್ಲಿ ತಮ್ಮನ್ನು ಗೇಲಿ ಮಾಡಿದರು ಎಂದು ನೊಂದವರಂತೆ ಮುಂದುವರಿಸಿದರು.

"ನಾನು ಸರ್ವಿಸಿನಲ್ಲಿ ಒಂದು ವರ್ಷವೂ ತಪ್ಪಿಸಿದವನಲ್ಲ ಕಣಮ್ಮ. ಮನೇಲೂ ಅಷ್ಟೇ. ವ್ಯಾನು ಗ್ಯಾರೇಜಲ್ಲಿದ್ದ ವರ್ಷ ಅಲ್ಲಿಗೇ ಹೋಗಿ ಮಾಡಿಸಿ ಬಂದಿದೀನಿ."

ಅವರ ವಕೀಲರು ತಲೆಯೆತ್ತಿದರು. ನಾನು ಕೈಯಲ್ಲಿದ್ದ ಕಾಗದ ಕೆಳಗಿಟ್ಟೆ.

"ಯಾವ ವ್ಯಾನು ಸಾರ್?"

"ಇದೇ. ನಮ್ಮ ಮನೇಲಿ ಇದ್ದದ್ದು ಇದೊಂದೇ."

"ಹಬ್ಬಕ್ಕೆ ಒಂದು ದಿನದ ಮಟ್ಟಿಗೆ ಮನೆಗೆ ತರಬಹುದಿತ್ತಲ್ಲ?"

"ಎಲ್ಲಿ ತರೋದು? ಓಡೋ ಸ್ಥಿತಿಯಲ್ಲಿ ಇರಲಿಲ್ಲ."

"ನಿಂಬೆಹಣ್ಣು?"

"ಮುಂದಿನ ಎರಡು ಚಕ್ರಕ್ಕೆ ಇಟ್ಟೆ."

"ಹಿಂದಿನ ಚಕ್ರಕ್ಕೆ?"

ಅವರ ವಕೀಲರು ಎದ್ದುನಿಂತು, ಪ್ರಶ್ನೆ ಅಪ್ರಸ್ತುತ ಎಂದರು. ಪೂಜೆಯ ವಿಷಯ ಮೊದಲು ಎತ್ತಿದವರು ನೀವೇ ಎಂದು ನ್ಯಾಯಾಧೀಶರು ಅವರನ್ನು ಕೂರಿಸಿ, "ಉತ್ತರ ಹೇಳಿ" ಎಂದರು.

"ಹಿಂದಿನದು ಇನ್ನೂ ಬಂದಿರಲಿಲ್ಲ" ಎಂದರು ಅವರು.

ಬೇಕಿದ್ದರೆ ಮರೆತೆ ಎನ್ನಬಹುದಿತ್ತು. ನಾಲ್ಕೂ ಚಕ್ರಕ್ಕೆ ಇಟ್ಟೆ ಎಂದರೂ ಅದನ್ನು ಸುಳ್ಳೆಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಗಾಡಿ ಮಾರುವಾಗ ಸುಳ್ಳು ಹೇಳಿದ ಮನುಷ್ಯ, ಪೂಜೆಯ ವಿಷಯದಲ್ಲಿ ಹೇಳಲಾರದೆ ಹೋದರು. ಗೆದ್ದ ಸಂತೋಷ ನನಗೆ ಆಗಲೇ ಬಂತು, ಅದರ ಹಿಂದೆಯೇ ಅವರನ್ನು ಕಂಡು ಪಾಪ ಅನ್ನಿಸಿತು. ಎರಡೂ ನಿಜ.

ಅದೇ ಮಧ್ಯಾಹ್ನ ಅತ್ತಕಡೆಯ ಹಿರಿಯ ವಕೀಲರು ವರಾಂಡದಲ್ಲಿ ನನ್ನ ಪಕ್ಕ ಬಂದು ನಿಂತರು. "ಪೂರ್ತಿ ಹಣ, ಬಡ್ಡಿ, ಖರ್ಚು. ಗಾಡಿ ನಮಗೆ ವಾಪಸ್ಸು. ತೀರ್ಪಿನವರೆಗೆ ಬೇಡ, ಅವರಿಗೂ ವಯಸ್ಸಾಗಿದೆ" ಎಂದರು. ತೀರ್ಪಾದರೂ ಇದಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. ಓಡಿಹೋಗಿ ಕಕ್ಷಿದಾರರಿಗೆ ಹೇಳಿದೆ. ಹೆಂಡತಿ ಕಣ್ಣೊರೆಸಿಕೊಂಡರು. ಗಂಡ ಯೋಚನೆಯಲ್ಲಿ ಬಿದ್ದರು.

"ವಾಪಸ್ ತಗೊಂಡು ಅವ್ರೇನ್ ಮಾಡ್ತಾರೆ ಮೇಡಂ?"

"ಅದು ಅವರ ಇಷ್ಟ. ಅವರ ಗಾಡಿ."

"ಮಾರ್ತಾರೆ."

"ಮಾರಲಿ. ಹಣ ನಿಮಗೆ ಬಂತಲ್ಲ?"

"ಆ ಅರ್ಧ ಹಣ ಬ್ಯಾಡ ಅಂದಿದ್ದು ಯಾಕೆ ಮತ್ತೆ? ಆಗ ನಾನು ಮಾರ್ಬೇಕಾಗಿತ್ತು, ಈಗ ಅವ್ರು ಮಾರ್ತಾರೆ. ಗಾಡಿ ರಸ್ತೆಗೆ ಬರಾದು ಬತ್ತದೆ. ಅದನ್ನ ಕುಯ್ಸಾಕ್ಬೇಕು ಮೇಡಂ."

ನನಗೆ ರೇಗಿಹೋಯಿತು. ಕರಾರು ರದ್ದಾದರೆ ಹಣ ಕೊಂಡವನಿಗೆ, ವಸ್ತು ಮಾರಿದವನಿಗೆ. ಅದನ್ನು ಕುಯ್ಯಿಸಿ ಎಂದು ಯಾವ ನ್ಯಾಯಾಧೀಶರೂ ಈ ದಾವೆಯಲ್ಲಿ ಆದೇಶ ಮಾಡಲಾರರು, ಕಾಯಿದೆಯಲ್ಲಿ ಹಾಗೆ ಕೇಳುವುದಕ್ಕೇ ಜಾಗವಿಲ್ಲ ಎಂದು ವರಾಂಡದಲ್ಲೇ ಪಾಠ ಮಾಡಿದೆ. ಆತ ಪೂರ್ತಿ ಕೇಳಿಸಿಕೊಂಡು, "ಒಪ್ಪಂದದಲ್ಲಿ ಬರ್ಕೋಬೋದಾ?" ಎಂದರು.

ಒಪ್ಪಂದದಲ್ಲಿ ಬರೆದುಕೊಳ್ಳಬಹುದು. ಇಬ್ಬರೂ ಒಪ್ಪಿದರೆ ರಾಜಿ ಡಿಕ್ರಿಯಲ್ಲಿ ಏನನ್ನಾದರೂ ಸೇರಿಸಬಹುದು. ಆದರೆ ಅತ್ತಕಡೆಯವರು ಸುಮ್ಮನೆ ಒಪ್ಪುವರೇ? ಗುಜರಿಗೆ ಹೋದರೆ ಆ ಗಾಡಿಗೆ ಬರುವುದು ಕಬ್ಬಿಣದ ಬೆಲೆ. ನಷ್ಟ ಯಾರ ತಲೆಗೆ? ನನ್ನ ಕಕ್ಷಿದಾರರು ಹೆಂಡತಿಯ ಕಡೆ ನೋಡಿದರು. ಆ ಹಣದಲ್ಲಿ ಇನ್ನೊಂದು ಗಾಡಿ ಕೊಳ್ಳುವ ಲೆಕ್ಕ ಆಕೆಯ ತಲೆಯಲ್ಲಿ ಆಗಲೇ ನಡೆದಿತ್ತೆಂದು ನನಗೆ ಗೊತ್ತಿತ್ತು.

"ಬಡ್ಡಿ ಖರ್ಚು ಬ್ಯಾಡ ಅ‌ನ್ನಿ ಮೇಡಂ" ಎಂದರು ಕೊನೆಗೆ. "ಅಸಲಲ್ಲೂ ಒಂದಷ್ಟು ಬಿಟ್ಬುಡಿ. ಇನ್ನೊಂದ್ ವರ್ಸ ಅವ್ರು ಕೂಲಿಗೋಯ್ತಾರೆ, ನಾನು ಒಲೀತೀನಿ."

ಹಿರಿಯ ವಕೀಲರಿಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ತಮ್ಮ ಕಕ್ಷಿದಾರರ ಜೊತೆ ಮಾತಾಡಿ ಬಂದು ಒಪ್ಪಿಗೆ ಎಂದರು. ರಾಜಿ ಅರ್ಜಿಯನ್ನು ನಾನೇ ಬರೆದೆ. ನೋಂದಣಿ ರದ್ದತಿಗೆ ಆರ್‌ಟಿಓ ಕಚೇರಿಗೆ ಅರ್ಜಿ ಕೊಡುವುದು, ಚಾಸಿ ನಂಬರು ಕೊರೆದ ತುಂಡನ್ನು ಕುಯ್ದು ಅಲ್ಲಿಗೆ ಒಪ್ಪಿಸುವುದು, ವಾಹನವನ್ನು ಇಬ್ಬರೂ ಪಕ್ಷಕಾರರು ಖುದ್ದು ಹಾಜರಿದ್ದು ಕತ್ತರಿಸಿ ಹಾಕಿಸುವುದು. ನ್ಯಾಯಾಧೀಶರು ಎರಡು ಸಲ ಓದಿ, ನನ್ನ ಕಕ್ಷಿದಾರರನ್ನು ಕರೆದು, "ಇದು ನಿಮ್ಮ ಸ್ವಂತ ಇಷ್ಟವೇ?" ಎಂದು ಕೇಳಿ ಸಹಿ ಹಾಕಿದರು.

ಕುಯ್ಯಿಸಿದ್ದು ಮೇಟಗಳ್ಳಿಯ ಒಂದು ಗುಜರಿ ಅಂಗಳದಲ್ಲಿ. ವಕೀಲರು ಹೋಗುವ ಅಗತ್ಯವಿರಲಿಲ್ಲ, ನಾನು ಹೋದೆ. ಬಿಸಿಲಿತ್ತು. ಅಧಿಕಾರಿಗಳು ಆಟೊದಲ್ಲಿ ಒಬ್ಬರೇ ಬಂದು ನಮ್ಮಿಂದ ದೂರದಲ್ಲಿ ನಿಂತರು. ನಮಸ್ಕಾರವೂ ಇಲ್ಲ. ಕೆಲಸದವನು ಮೊದಲು ಚಾಸಿ ನಂಬರಿನ ತುಂಡನ್ನು ಗ್ಯಾಸಿನಲ್ಲಿ ಕುಯ್ದು ಕೊಟ್ಟ. ಆಮೇಲೆ ಒಳಗಿನ ಮ್ಯಾಟು ಕಿತ್ತೆಸೆದು, ಜೋಡಣೆಯ ಗೆರೆಯ ಒಂದು ತುದಿಗೆ ಉರಿ ಹಿಡಿದ. ಗೇಣುದ್ದ ಕುಯ್ದಿರಬಹುದು. ಪುಟ್ಟಿ ಚಕ್ಕೆಚಕ್ಕೆಯಾಗಿ ಉದುರಿತು, ಒಳಗೆ ಬರೀ ತುಕ್ಕು. ಅವನು ಗ್ಯಾಸು ಆರಿಸಿ, ಹಾರೆ ತಂದು ಸಂದಿಗೆ ಕೊಟ್ಟು ಒಂದು ಸಲ ಮೈಭಾರ ಹಾಕಿದ. ಹಿಂಭಾಗ ಪೂರ್ತಿ ಬಿಚ್ಚಿಕೊಂಡು, ಸೀಟಿನ ಸಮೇತ ನೆಲಕ್ಕೆ ಕುಸಿಯಿತು.

"ಅಷ್ಟೇನಾ?" ಎಂದದ್ದು ನಾನು.

ನನ್ನ ಕಕ್ಷಿದಾರರು ನಾಲ್ಕು ಹೆಜ್ಜೆ ಮುಂದೆ ಹೋಗಿ ಆ ಬಿದ್ದ ಸೀಟಿನ ಮುಂದೆ ನಿಂತರು. ನಮ್ಮನ್ನು ಮರೆತವರಂತೆ, ಒಂದೊಂದು ಜಾಗಕ್ಕೂ ಬೆರಳು ತೋರಿಸುತ್ತಾ ಹೇಳತೊಡಗಿದರು. "ಈ ಬಾಗ್ಲತ್ರ ಪವಿತ್ರ ಕೂರೋಳು. ಅವಳ ಪಕ್ಕ ಸಂತೋಷ. ಅವ್ನ ತಂಗಿ, ಚಿಕ್ಕದು, ಬ್ಯಾಗೇ ಅದ್ಕಿಂತ ದೊಡ್ದು. ಇಲ್ಲಿ ಇಮ್ರಾನು. ಇಲ್ಲಿ ನಂದಿನಿ. ಆ ಮೂಲೇಲಿ..." ಕೈ ಆ ಮೂಲೆಯ ಕಡೆಗೇ ಚಾಚಿಕೊಂಡಿತ್ತು.

"ಅಮೂಲ್ಯ" ಎಂದರು ಯಾರೋ.

ತಿರುಗಿ ನೋಡಿದೆ. ಅಧಿಕಾರಿಗಳು ಯಾವಾಗ ಅಷ್ಟು ಹತ್ತಿರ ಬಂದಿದ್ದರೋ ಗೊತ್ತಾಗಿರಲಿಲ್ಲ. ಅವರೂ ಆ ಮೂಲೆಯನ್ನೇ ನೋಡುತ್ತಿದ್ದರು.

"ನನ್ನ ಮೊಮ್ಮಗಳು" ಎಂದರು. "ರಿಪೇರಿಯಾಗಿ ಬಂದ ಮೇಲೆ ಎರಡು ವರ್ಷ ನಾನೇ ಸ್ಕೂಲಿಗೆ ಬಿಡ್ತಿದ್ದೆ. ಆ ಮೂಲೆನೇ ಬೇಕು ಅಂತ ಹಟ ಮಾಡೋಳು."

ನನ್ನ ಕಕ್ಷಿದಾರರು ಅವರ ತೋಳು ಹಿಡಿದು ತಗಡಿನ ಶೆಡ್ಡಿನ ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿ, ಅವರಿಗೆ ಕುಡಿಯಲು ಕೆಲಸದವನ ಹತ್ತಿರ ನೀರು ಕೇಳಿದರು.